ಮಂಗಳೂರಿನ ಅಲೋಶಿಯಸ್ ಶಾಲೆಗೆ ಇಟಲಿಯ ಪಾದ್ರಿಗಳು ಯಾಕೆ ಬಂದರು? ಅಜ್ಜನ ಎಸ್ಸೆಸ್ಸೆಲ್ಸಿ ಪುಸ್ತಕ ಸಿಕ್ಕಿದೆ

ಅಟ್ಟದ_ಪೆಟ್ಟಿಗೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಲ್ಲಿ, ಆದರೆ ಅಪ್ಪನ ಕಡೆಯವರು ಬಂಟ್ವಾಳದ ಹತ್ತಿರದವರು. ಹೋದ ತಿಂಗಳು ಊರಿನ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಎರಡು ಜಾತಕ, ಒಂದಷ್ಟು ಗೇಣಿ ಚೀಟಿ, ತಳದಲ್ಲಿ ಅಜ್ಜನ ಎಸ್ಸೆಸ್ಸೆಲ್ಸಿ ಪುಸ್ತಕ, ಅಂದ್ರೆ ಪಾಠದ ಪುಸ್ತಕ ಅಲ್ಲ, ಆಗಿನ ಪ್ರಮಾಣಪತ್ರದ ಪುಸ್ತಕ. ಒಂದು ಮೂಲೆ ಗೆದ್ದಲು ತಿಂದಿದೆ, ಉಳಿದದ್ದು ಓದೋಕೆ ಬರುತ್ತೆ. ವರ್ಷ 1938. ಶಾಲೆ ಮಂಗಳೂರಿನ ಸೇಂಟ್ ಅಲೋಶಿಯಸ್. ಎರಡನೇ ಭಾಷೆ ಕನ್ನಡ. ಮೇಲೆ ಮದ್ರಾಸ್ ಸರ್ಕಾರದ ಹೆಸರು.

ನನಗೆ ತಲೆಗೆ ಹತ್ತದ್ದು ಏನಂದ್ರೆ, ಮುತ್ತಜ್ಜ ದೇವಸ್ಥಾನದ ಅರ್ಚಕರು. ಅಜ್ಜನಿಗೆ ಶಾಲೆಗೆ ಹೋಗುವಾಗಲೂ ಜುಟ್ಟು ಇತ್ತಂತೆ. ಅಂಥ ಮನೆಯಿಂದ ಹುಡುಗನನ್ನು ಪಾದ್ರಿಗಳ ಶಾಲೆಗೆ ಹೇಗೆ ಕಳಿಸಿದರು? ಮನೆಯಲ್ಲಿ ಕೇಳಿದರೆ ಜಗಳವೇ ಶುರುವಾಗುತ್ತೆ. ದೊಡ್ಡಪ್ಪ "ಅದೆಲ್ಲ ಮತಾಂತರಕ್ಕೆ ಕಟ್ಟಿದ್ದು" ಅಂತಾರೆ. ಚಿಕ್ಕಪ್ಪ "ಅವರು ಇಲ್ಲದಿದ್ದರೆ ನಾವಿನ್ನೂ ಅಡಿಕೆ ಸುಲಿತಾ ಕೂತಿರ್ತಿದ್ವಿ" ಅಂತಾರೆ. ಇಬ್ಬರೂ ಅಲ್ಲಿ ಓದಿದವರಲ್ಲ, ಅದು ಬೇರೆ ವಿಷಯ.

ಇಟಲಿಯವರು ಅಷ್ಟು ದೂರದಿಂದ ಮಂಗಳೂರಿಗೇ ಯಾಕೆ ಬಂದರು? ಪೋರ್ಚುಗೀಸರ ಕಾಲದಿಂದಲೂ ಇದ್ದ ಶಾಲೆನಾ ಇದು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

---

ಹಂಪನಕಟ್ಟೆ_ಹಳಬ

ಮೊದಲು ಮದ್ರಾಸ್ ವಿಷಯ ಮುಗಿಸ್ತೇನೆ. 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೇ ಸೇರಿತ್ತು, ಹಾಗಾಗಿ ನಿಮ್ಮ ಅಜ್ಜನ ಪುಸ್ತಕದಲ್ಲಿ ಮದ್ರಾಸ್ ಇರೋದು ಸರಿಯೇ. ಅಲೋಶಿಯಸ್ ಕಾಲೇಜು ಕೂಡ ಆಗ ಮದ್ರಾಸ್ ಯೂನಿವರ್ಸಿಟಿ ಕೆಳಗೇ ಇದ್ದದ್ದು.

ಪೋರ್ಚುಗೀಸರಿಗೂ ಈ ಶಾಲೆಗೂ ಸಂಬಂಧ ಇಲ್ಲ. ಅವರ ಕಾಲದ್ದು ಅಂದ್ರೆ ಬಂದರಿನ ಹತ್ತಿರದ ರೊಸಾರಿಯೊ ಇಗರ್ಜಿ (ಚರ್ಚು), 1568ರದ್ದು. ಅಲೋಶಿಯಸ್ ಅದಕ್ಕಿಂತ ಮುನ್ನೂರು ವರ್ಷ ಚಿಕ್ಕದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎಲ್ಲರೂ "ಇಟಲಿಯವರು ಬಂದರು, ಶಾಲೆ ಕಟ್ಟಿದರು" ಅಂತ ಅಲ್ಲಿಂದಲೇ ಕತೆ ಶುರು ಮಾಡ್ತಾರೆ. ಅವರು ತಾವಾಗಿ ಬಂದವರಲ್ಲ ಮಾರಾಯ್ರೆ, ಊರವರು ಕರೆಸಿಕೊಂಡದ್ದು. ಇದೊಂದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ತದೆ.

ನಾನು ಹುಟ್ಟಿನಿಂದ ಮಂಗಳೂರಿನ ಕ್ಯಾಥೊಲಿಕ್. ನಮ್ಮ ಮನೆಗಳಲ್ಲಿ ಈ ಕತೆಯನ್ನು ಟಿಪ್ಪುವಿನ ಕಾಲದಿಂದ ಹೇಳೋದು ವಾಡಿಕೆ. 1784ರಲ್ಲಿ ಇಲ್ಲಿನ ಕ್ರಿಸ್ತುವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಉಳಿದವರು ವಾಪಸ್ ಬಂದರು. ಬಂದು ನೋಡಿದರೆ ಗದ್ದೆ ಬೇರೆಯವರ ಕೈಯಲ್ಲಿ, ಇಗರ್ಜಿ ನೆಲಸಮ. ಅಲ್ಲಿಂದ ಎರಡು ತಲೆಮಾರು ಬರೀ ಮನೆ ಕಟ್ಟಿಕೊಳ್ಳೋದರಲ್ಲೇ ಹೋಯಿತು. 1850, 60ರ ಹೊತ್ತಿಗೆ ಸ್ವಲ್ಪ ಕೈಯಲ್ಲಿ ದುಡ್ಡು ಓಡಾಡೋಕೆ ಶುರುವಾಯಿತು, ಮಕ್ಕಳನ್ನು ಕೋರ್ಟು, ಕಲೆಕ್ಟರ್ ಕಚೇರಿ ಅಂತ ಸೇರಿಸಬೇಕು ಅಂತ ಆಸೆಯೂ ಬಂತು. ಅದಕ್ಕೆ ಇಂಗ್ಲಿಷ್ ಬೇಕು. ಇಂಗ್ಲಿಷ್ ಚೆನ್ನಾಗಿ ಕಲಿಸ್ತಿದ್ದದ್ದು ಬಾಸೆಲ್ ಮಿಷನ್‌ನವರು. ಅವರು 1834ರಲ್ಲೇ ಇಲ್ಲಿಗೆ ಬಂದವರು. ಆದರೆ ಅವರು ಪ್ರೊಟೆಸ್ಟೆಂಟರು! ಕ್ಯಾಥೊಲಿಕ್ ಮನೆಯವರು ಮಗನನ್ನು ಅಲ್ಲಿಗೆ ಕಳಿಸಿದರೆ ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳ ಮುಖ ನೋಡೋದು ಹೇಗೆ?

ಆಗ ಇಲ್ಲಿನ ಸಭೆಯನ್ನು ನೋಡಿಕೊಳ್ತಿದ್ದದ್ದು ಕಾರ್ಮೆಲ್ ಸಭೆಯ ಪಾದ್ರಿಗಳು. ಗೋವಾದ ಕಡೆಯವರಿಗೂ ರೋಮಿನ ಕಡೆಯವರಿಗೂ ಯಾರ ಮಾತು ನಡೀಬೇಕು ಅಂತ ಬೇರೆ ಎಳೆದಾಟ. ಈ ಗಲಾಟೆ ನಡುವೆ ಊರಿನ ಹಿರಿಯರು ರೋಮಿಗೆ ಅರ್ಜಿ ಮೇಲೆ ಅರ್ಜಿ ಹಾಕಿದರು. ನಮಗೆ ಜೆಸ್ವಿಟರನ್ನು ಕಳಿಸಿ, ನಮ್ಮ ಹುಡುಗರಿಗೆ ಕಾಲೇಜು ಬೇಕು ಅಂತ. ಜೆಸ್ವಿಟರು ಅಂದ್ರೆ ಕ್ಯಾಥೊಲಿಕ್ ಪಾದ್ರಿಗಳದ್ದೇ ಇನ್ನೊಂದು ಸಂಘ, ಶಾಲೆ ನಡೆಸೋದರಲ್ಲಿ ಪಳಗಿದವರು ಅಂತ ಆಗಲೇ ಹೆಸರು. ಕೊನೆಗೆ 1878ರಲ್ಲಿ ಪೋಪ್ ಹದಿಮೂರನೇ ಲಿಯೊ ಒಪ್ಪಿದರು. ಮಂಗಳೂರು ಪಾಲಿಗೆ ಬಂದದ್ದು ವೆನಿಸ್ ಪ್ರಾಂತ್ಯದ ಜೆಸ್ವಿಟರಿಗೆ. ಇಟಲಿಯವರು ಯಾಕೆ ಅನ್ನೋದಕ್ಕೆ ಉತ್ತರ ಇಷ್ಟೇ.

1878ರ ಡಿಸೆಂಬರ್ 31ಕ್ಕೆ ಮೊದಲ ತಂಡ ಬಂತು, ಒಂಬತ್ತು ಜನ. 1880ರ ಜನವರಿ 12ಕ್ಕೆ ಕೊಡಿಯಾಲ್‌ಬೈಲಿನ ಒಂದು ಬಂಗಲೆಯಲ್ಲಿ ಸುಮಾರು 150 ಹುಡುಗರನ್ನು ಕೂರಿಸಿಕೊಂಡು ಪಾಠ ಶುರು. ಗುಡ್ಡದ ಮೇಲಿನ ಜಾಗ ಲೊಬೊ ಪ್ರಭು ಕುಟುಂಬದವರು ಕೊಟ್ಟದ್ದು. 1885ರಲ್ಲಿ ಅಲ್ಲಿಗೆ ಬಂದರು. ಈಗಲೂ ಹಂಪನಕಟ್ಟೆಯಿಂದ ಏರು ಹತ್ತಿ ಹೋದರೆ ಕಾಣ್ತದಲ್ಲ, ಉದ್ದದ ಬಿಳಿ ಕಟ್ಟಡ, ಅದೇ.

ಬಂದವರೂ ಸುಮ್ನೆ ಕೂರುವ ಜನ ಅಲ್ಲ. ಫಾದರ್ ಆಗಸ್ಟಸ್ ಮುಲ್ಲರ್ ಅಂತ ಒಬ್ಬರು ಜರ್ಮನಿಯವರು ಅದೇ ತಂಡದಲ್ಲಿ ಇದ್ದರು. ಕಾಲೇಜಲ್ಲಿ ಫ್ರೆಂಚ್, ಗಣಿತ ಕಲಿಸ್ತಿದ್ದರು. ಕೈಯಲ್ಲಿ ಒಂದು ಹೋಮಿಯೋಪಥಿ ಪೆಟ್ಟಿಗೆ. ಪಾಠ ಮುಗಿದ ಮೇಲೆ ಬಡವರಿಗೆ ಗುಳಿಗೆ ಕೊಡೋದು. ಅದೇ ಬೆಳೆದು ಇವತ್ತು ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ. ಮಂಗಳೂರಲ್ಲಿ ರಿಕ್ಷಾ ಹತ್ತಿ "ಮುಲ್ಲರ್" ಅಂದ್ರೆ ಸಾಕು.

---

ಕೊಡಗಿನ_ಕಿತ್ತಳೆ

ಸುಮ್ನೆ ಒಂದು ಡೌಟು. ಊರವರೇ ಕರೆಸಿಕೊಂಡದ್ದು ಅಂದ್ರೆ ಕ್ಯಾಥೊಲಿಕ್ ಊರವರು ಅಲ್ವಾ? ಪ್ರಶ್ನೆ ಕೇಳಿದವರ ಮುತ್ತಜ್ಜನಿಗೂ ಆ ಅರ್ಜಿಗೂ ಏನು ಸಂಬಂಧ? ಅರ್ಚಕರ ಮಗ ಅಲ್ಲಿಗೆ ಹೋದದ್ದು ಹೇಗೆ ಅನ್ನೋದಕ್ಕೆ ಇದರಲ್ಲಿ ಉತ್ತರ ಇಲ್ಲ.

---

ಪೀಠಿಕೆ_ಪ್ರಕರಣ

ಮೇಲಿನವರು ಸರಿಯಾಗೇ ಹಿಡಿದರು. ಅದನ್ನು ನಾನು ಹೇಳ್ತೇನೆ. ನಾನು ಕನ್ನಡ ಮೇಷ್ಟ್ರು, ಈಗ ನಿವೃತ್ತಿ. ಅಲೋಶಿಯಸ್‌ನಲ್ಲಿ ಓದಿದವನೂ ಅಲ್ಲ, ಕಲಿಸಿದವನೂ ಅಲ್ಲ, ಹಾಗಾಗಿ ಯಾವ ಹಂಗೂ ಇಲ್ಲ.

ಹಿಂದೂ ಮನೆಗಳಿಗೆ ಮಿಷನ್ ಶಾಲೆ ಅಂದ್ರೆ ಭಯ ಇದ್ದದ್ದು ನಿಜ. ಆದರೆ ಆ ಭಯ ಹುಟ್ಟಿದ್ದು ಬಾಸೆಲ್ ಮಿಷನ್ ಶಾಲೆಯಿಂದ. 1844ರಲ್ಲಿ ಆನಂದರಾವ್ ಕೌಂಡಿನ್ಯ ಅಂತ ಒಬ್ಬ ಸಾರಸ್ವತ ಹುಡುಗ, ಅದೇ ಮಿಷನ್‌ನ ಇಂಗ್ಲಿಷ್ ಶಾಲೆಯಲ್ಲಿ ಓದ್ತಿದ್ದವನು, ಕ್ರಿಸ್ತಮತಕ್ಕೆ ಸೇರಿದ. ಊರೆಲ್ಲ ರಾದ್ಧಾಂತ. ನಿಮ್ಮ ದೊಡ್ಡಪ್ಪನ ಮಾತಿನ ಬೇರು ಎಲ್ಲೋ ಅಲ್ಲಿದೆ, ಪೂರ್ತಿ ಗಾಳಿಮಾತು ಅಂತ ತಳ್ಳಿಹಾಕೋಕೆ ಆಗಲ್ಲ. ಆಮೇಲೆ 1860ರ ದಶಕದಲ್ಲಿ ಸರ್ಕಾರಿ ಶಾಲೆ ಬಂತು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲ್ ಶುರು ಮಾಡಿದರು. ಹದಿನೈದು ವರ್ಷ ಬಿಟ್ಟು ಬ್ಯಾಂಕ್ ತೆರೆದವರೂ ಅವರೇ. ಅಂದ್ರೆ 1900ರ ಹೊತ್ತಿಗೆ ಮಂಗಳೂರಿನ ಹುಡುಗನಿಗೆ ನಾಲ್ಕು ಬಾಗಿಲು ತೆರೆದಿದ್ದವು: ಬಾಸೆಲ್, ಸರ್ಕಾರಿ, ಅಲೋಶಿಯಸ್, ಕೆನರಾ. ನಾಲ್ಕೂ ಒಂದರ ಹೊಟ್ಟೆಕಿಚ್ಚಲ್ಲಿ ಇನ್ನೊಂದು ಬೆಳೆದವು ಅಂತ ನನ್ನ ಲೆಕ್ಕ. ಯಾರಿಗೆ ಯಾವುದು ಹತ್ತಿರ, ಎಲ್ಲಿ ಫೀಸು ಕಡಿಮೆ, ಎಲ್ಲಿ ಗಣಿತದ ಮೇಷ್ಟ್ರು ಚೆನ್ನಾಗಿದ್ದಾರೆ ಅಂತ ನೋಡಿ ಮನೆಯವರು ಸೇರಿಸ್ತಿದ್ದರು. ಈಗಲೂ ನಾವು ಮಾಡೋದು ಅದನ್ನೇ ತಾನೇ?

ಇನ್ನೊಂದು ವಿಷಯ ಇದೆ, ಇದು ಕನ್ನಡದವರಿಗೇ ಜಾಸ್ತಿ ಗೊತ್ತಿಲ್ಲ. ನಿಮ್ಮ ಅಜ್ಜನ ಪುಸ್ತಕದಲ್ಲಿ ಎರಡನೇ ಭಾಷೆ ಕನ್ನಡ ಅಂತಿದೆ ಅಂದಿರಿ. ಆ ಕಾಲಕ್ಕೆ ಅಲೋಶಿಯಸ್‌ನಲ್ಲಿ ಕನ್ನಡ ಪಂಡಿತರು ಯಾರ್ಯಾರು ಇದ್ದರು ಗೊತ್ತಾ? ಮುಳಿಯ ತಿಮ್ಮಪ್ಪಯ್ಯನವರು. ಪಂಪನ ಮೇಲೆ 'ನಾಡೋಜ ಪಂಪ' ಬರೆದವರು. ಸೇಡಿಯಾಪು ಕೃಷ್ಣ ಭಟ್ಟರು. ಛಂದಸ್ಸಿನ ಬಗ್ಗೆ ಇವತ್ತಿಗೂ ಅವರನ್ನು ಬಿಟ್ಟು ಮಾತಾಡೋಕೆ ಆಗಲ್ಲ. ಇಬ್ಬರೂ ಹವ್ಯಕ ಬ್ರಾಹ್ಮಣರು, ಸಂಪ್ರದಾಯದ ಮನೆಯಿಂದ ಬಂದವರು. ಇವರಿಗೆ ಸಂಬಳ ಕೊಟ್ಟು ಹಳಗನ್ನಡ ಪಾಠ ಮಾಡಿಸಿದ್ದು ಜೆಸ್ವಿಟ್ ಪಾದ್ರಿಗಳು. ಪಂಚೆ, ಶಾಲು ಹೊದ್ದ ಪಂಡಿತರೂ ಬಿಳಿ ನಿಲುವಂಗಿಯ ಫಾದರ್‌ಗಳೂ ಒಂದೇ ವರಾಂಡದಲ್ಲಿ ಎದುರುಬದುರಾಗ್ತಿದ್ದರು ಅಂತ ಯೋಚನೆ ಮಾಡಿ ನೋಡಿ. ನಿಮ್ಮ ಮುತ್ತಜ್ಜ ಯಾಕೆ ಕಳಿಸಿದರು ಅಂತ ನಾನು ಆಣೆ ಹಾಕಿ ಹೇಳಲಾರೆ. ಆದರೆ ಒಳಗೆ ಭಟ್ಟರು ಪಾಠ ಮಾಡ್ತಿದ್ದಾರೆ ಅಂತ ಗೊತ್ತಿದ್ದರೆ ಅರ್ಚಕರ ಮನೆಗೂ ಸ್ವಲ್ಪ ಧೈರ್ಯ ಬಂದೀತು.

---

ಹಂಪನಕಟ್ಟೆ_ಹಳಬ

ಮೇಷ್ಟ್ರೇ, ಇದನ್ನು ನಾನು ಬಿಟ್ಟೇಬಿಟ್ಟಿದ್ದೆ. ಭಾಷೆ ಅಂದ ಕೂಡಲೇ ಇನ್ನೊಂದು ನೆನಪಾಯ್ತು. ಫಾದರ್ ಆಂಜೆಲೊ ಮಾಫೆಯಿ ಅಂತ ಇಟಲಿಯ ಜೆಸ್ವಿಟರು, ಬಂದು ನಾಲ್ಕು ವರ್ಷ ಆಗೋದರೊಳಗೆ ಕೊಂಕಣಿ ವ್ಯಾಕರಣ ಬರೆದರು, 1882. ಮರುವರ್ಷ ನಿಘಂಟು. ಅಚ್ಚು ಎಲ್ಲಿ ಮಾಡಿಸಿದ್ದು ಹೇಳಿ? ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ! ಹುಡುಗರನ್ನು ಯಾರ ಶಾಲೆಗೆ ಕಳಿಸಬಾರದು ಅಂತ ಇವರನ್ನು ಕರೆಸಿದ್ದೋ ಅವರದ್ದೇ ಪ್ರೆಸ್ಸು. ಮಂಗಳೂರಿನವರಿಗೆ ಧರ್ಮ ಬೇರೆ, ವ್ಯಾಪಾರ ಬೇರೆ.

---

ಮಳೆಗಾಲ_ಮುಗೀಲಿ

ಇಷ್ಟೆಲ್ಲ ಮಾತಾಡಿ ಚಾಪೆಲ್ ಬಗ್ಗೆ ಯಾರೂ ಹೇಳಲೇ ಇಲ್ಲ!! ನಾನು ಅಲ್ಲೇ ಪಿಯುಸಿ ಮಾಡಿದ್ದು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಚಾಪೆಲ್ ನೆನಪಾಗೋದು, ಜಾತಿ ಧರ್ಮ ಭೇದ ಇಲ್ಲದೆ ಎಲ್ಲರಿಗೂ, ಹ್ಹ ಹ್ಹ.

ಹೊರಗಿಂದ ನೋಡಿದರೆ ಏನೂ ಇಲ್ಲ, ಹೆಂಚಿನ ಮಾಡು. ಒಳಗೆ ಹೋದರೆ ನೆಲ ಒಂದು ಬಿಟ್ಟು ಎಲ್ಲ ಕಡೆ ಚಿತ್ರ. ಆಂಟೊನಿಯೊ ಮೊಸ್ಕೆನಿ ಅಂತ ಜೆಸ್ವಿಟ್ ಬ್ರದರ್, ಇಟಲಿಯ ಬೆರ್ಗಮೊ ಹತ್ತಿರದವರು, 1899ರಿಂದ 1901ರವರೆಗೆ ಕೂತು ಮಾಡಿದ ಕೆಲಸ. ಕೂತು ಅಂದ್ರೆ ಅಟ್ಟಣಿಗೆ ಮೇಲೆ. ಗೋಡೆಗೆ ಹಸಿ ಗಾರೆಯ ಮೇಲೆ ಬಣ್ಣ. ಚಾವಣಿಗೆ ಕ್ಯಾನ್ವಾಸ್ ಬಟ್ಟೆಯ ಮೇಲೆ ತೈಲಬಣ್ಣ. ಹಸಿ ಗಾರೆ ಅಂದ್ರೆ ಒಣಗೋದರೊಳಗೆ ಮುಗಿಸಬೇಕು, ತಪ್ಪಾದರೆ ಕಿತ್ತು ಮತ್ತೆ ಹಚ್ಚಬೇಕು. ನಮ್ಮ ಮಂಗಳೂರಿನ ಜುಲೈ ತಿಂಗಳಲ್ಲಿ ಗಾರೆ ಒಣಗೋದು ಯಾವಾಗ ಅಂತ ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಚಡ್ಡಿಯೇ ಒಣಗಲ್ಲ.

ಹೊಸಬರಿಗೆ ಒಂದು ತಮಾಷೆ ಇದೆ. ಗೋಡೆ ಮೇಲೆ ಕೆತ್ತಿದ ಕಂಬ, ಹೂವಿನ ಗೊಂಚಲು ಎಲ್ಲ ಉಬ್ಬಿಕೊಂಡು ಎದ್ದು ಬಂದ ಹಾಗೆ ಕಾಣುತ್ತೆ. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಚಪ್ಪಟೆ ಗೋಡೆ. ನೆರಳು ಕೂಡ ಬರೆದದ್ದೇ. ನಮ್ಮ ಲೆಕ್ಚರರ್ ಒಬ್ಬರು ಮೊದಲ ದಿನ ಎಲ್ಲರನ್ನೂ ಕರ್ಕೊಂಡು ಹೋಗಿ "ಯಾವುದು ಕಂಬ, ಯಾವುದು ಬಣ್ಣ ಹೇಳಿ ನೋಡುವ" ಅಂತ ಕೇಳಿದ್ದರು. ನಾನು ಸೋತೆ.

ಚಾವಣಿ ಮೇಲಿನದ್ದು ಸಂತ ಅಲೋಶಿಯಸ್ ಗೊನ್ಜಾಗನ ಕತೆ. ದೊಡ್ಡ ಮನೆತನದ ಹುಡುಗ, ಆಸ್ತಿ ಎಲ್ಲ ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಸೇರಿದ. ರೋಮಿನಲ್ಲಿ ಪ್ಲೇಗು ಬಂದಾಗ ರೋಗಿಗಳ ಸೇವೆ ಮಾಡ್ತಾ ತಾನೂ ಹಾಸಿಗೆ ಹಿಡಿದು 1591ರಲ್ಲಿ ತೀರಿಕೊಂಡ. ವಯಸ್ಸು 23. ಹುಟ್ಟಿದ್ದು 1568ರಲ್ಲಿ, ಅಂದ್ರೆ ಮೇಲೆ ಹೇಳಿದ ರೊಸಾರಿಯೊ ಇಗರ್ಜಿಯೂ ಆ ಹುಡುಗನೂ ಒಂದೇ ಪ್ರಾಯ. ಹುಡುಗರ ಶಾಲೆಗೆ ಆ ಹೆಸರು ಯಾಕೆ ಇಟ್ಟರು ಅಂತ ಕೇಳೋದೇ ಬೇಡ. ಮೊಸ್ಕೆನಿ ಕೂಡ ಹೆಚ್ಚು ದಿನ ಬದುಕಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ಹೋದರು. ಚಿತ್ರಗಳನ್ನು 1990ರ ದಶಕದಲ್ಲಿ ಮತ್ತೆ ಸರಿ ಮಾಡಿದ್ದಾರೆ.

---

ಉರ್ವ_ಮಾರಿಗುಡಿ_ಸ್ಟಾಪ್

ಎಲ್ಲರೂ ಸೇರಿ ಆರತಿ ಎತ್ತಿ ಆಯ್ತಲ್ಲ, ನಾನು ಸ್ವಲ್ಪ ಅಪಸ್ವರ ಹಾಡ್ತೇನೆ, ಬೇಜಾರು ಮಾಡ್ಕೋಬೇಡಿ.

"ಊರವರು" ಅಂತ ಹಳಬರು ಬರೆದರು. ಯಾವ ಊರವರು? ಜಾಗ ಕೊಟ್ಟವರು ಜಮೀನ್ದಾರರು. ಅರ್ಜಿ ಹಾಕಿದವರು ಓದುಬರಹ ಬಂದ ಮೇಲ್ಜಾತಿ ಕ್ರಿಸ್ತುವರು. ಮಂಗಳೂರಿನ ಕ್ಯಾಥೊಲಿಕರಲ್ಲೂ ಬಾಮಣ್ (ಬ್ರಾಹ್ಮಣ ಮೂಲದವರು), ಸುದಿರ್ (ಶೂದ್ರ ಮೂಲದವರು) ಅಂತೆಲ್ಲ ಜಾತಿ ಇತ್ತು, ಮದುವೆ ಮಾತುಕತೆಯಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಆಮೇಲೆ ಅರ್ಚಕರ ಮಗನೂ ಬಂದ, ಸರಿ. ದಲಿತರ ಮಕ್ಕಳು? ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಅಂತಲೇ ಬೇರೆ ಶಾಲೆ ತೆರೆಯಬೇಕಾಯಿತು. ಮೇಷ್ಟ್ರು ಹೇಳಿದ ನಾಲ್ಕು ಬಾಗಿಲು ಇದ್ದ ಊರಲ್ಲೇ. ಅದಕ್ಕೆ ರಂಗರಾಯರ ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು.

ಇನ್ನು ಹುಡುಗಿಯರ ವಿಷಯ. ಹುಡುಗರ ಶಾಲೆಯ ಕತೆಯನ್ನು ಎಲ್ಲರೂ 1880ರಿಂದ ಹೇಳ್ತಾರೆ. ಅದಕ್ಕೆ ಹತ್ತು ವರ್ಷ ಮೊದಲೇ, 1870ರಲ್ಲಿ, ಕಾರ್ಮೆಲ್ ಸಭೆಯ ಸಿಸ್ಟರ್‌ಗಳು ಬಂದು ಸೇಂಟ್ ಆನ್ಸ್ ಶುರು ಮಾಡಿದ್ದರು, ಹೆಣ್ಣುಮಕ್ಕಳಿಗೆ. ನಮ್ಮ ಅಜ್ಜಿ ಅಲ್ಲಿ ಓದಿದವರು. ಆದರೆ ಅವರು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಗುಡ್ಡ ಹತ್ತೋ ಹಾಗಿರಲಿಲ್ಲ. 1921ರಲ್ಲಿ ಸೇಂಟ್ ಆಗ್ನೆಸ್ ಬಂದ ಮೇಲೆ ಕಾಲೇಜಿನ ಮಾತು. ಹುಡುಗರ ಶಾಲೆಗೆ ಗುಡ್ಡ, ಚಾಪೆಲ್, ಇಟಲಿಯ ಚಿತ್ರ ಎಲ್ಲ ಇದೆ. ಸಿಸ್ಟರ್‌ಗಳ ಶಾಲೆಯ ಬಗ್ಗೆ ಯಾರೂ ಇಷ್ಟುದ್ದ ಪ್ರಶ್ನೆ ಕೇಳಲ್ಲ.

ಮತ್ತೆ ದಂಡದ ವಿಷಯ. ನಾನು ಓದಿದ್ದು ಬೇರೆ ಊರಿನ ಒಂದು ಮಿಷನ್ ಶಾಲೆ, ಹೆಸರು ಬೇಡ. ತುಳು ಮಾತಾಡಿದರೆ ಹತ್ತು ಪೈಸೆ ದಂಡ. ದಿನಕ್ಕೆ ಎರಡು ಸಲ ದಂಡ ಕಟ್ಟಿ ಕಟ್ಟಿ ನಾನು ಬಿಡುವಿನಲ್ಲಿ ಬಾಯಿ ಮುಚ್ಚಿಕೊಂಡೇ ಇರ್ತಿದ್ದೆ. ಮನೆಗೆ ಬಂದು ಅಮ್ಮನ ಹತ್ತಿರ ಒಂದೇ ಉಸಿರಿಗೆ ಎಲ್ಲ ತುಳು ಖಾಲಿ ಮಾಡೋದು. ಅದೇ ಶಾಲೆಯವರು ನನ್ನ ಫೀಸು ಎರಡು ವರ್ಷ ಮಾಫಿ ಮಾಡಿದ್ದೂ ನಿಜ. ಎರಡನ್ನೂ ಹೇಳಬೇಕು ಅಲ್ವಾ?

---

ಹಂಪನಕಟ್ಟೆ_ಹಳಬ

ಉರ್ವದವರೇ, ಬೇಜಾರು ಎಂತಕ್ಕೆ. ಬಾಮಣ್ ವಿಷಯ ನಮ್ಮ ಮನೆಯಲ್ಲೇ ನಡೆದದ್ದು, ನಾನು ಇಲ್ಲ ಅಂದ್ರೆ ನನ್ನ ಹೆಂಡತಿಯೇ ನಗಾಡ್ತಾಳೆ. "ಊರವರು" ಅನ್ನೋ ಮಾತು ವಾಪಸ್ ತಗೊಳ್ತೇನೆ. "ಊರಿನ ಕೆಲವರು" ಅಂತ ಓದಿಕೊಳ್ಳಿ.

ಆದರೆ ಒಂದು. ಕಟ್ಟಿಸಿದವರು ಯಾರೇ ಇರಲಿ, ಆಮೇಲೆ ಒಳಗೆ ಬಂದ ಹುಡುಗರು ಅವರು ಅಂದುಕೊಂಡ ಹಾಗೇ ಬೆಳೆಯಲಿಲ್ಲ. ಜಾರ್ಜ್ ಫರ್ನಾಂಡಿಸ್ ಓದಿದ್ದು ಇದೇ ಹೈಸ್ಕೂಲಲ್ಲಿ. ಮನೆಯವರು ಪಾದ್ರಿ ಆಗಲಿ ಅಂತ 1946ರಲ್ಲಿ ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅವರು ಅಲ್ಲಿಂದ ಬಿಟ್ಟು ಬಂದು ಬೊಂಬಾಯಿಗೆ ಹೋಗಿ ಟ್ಯಾಕ್ಸಿ ಡ್ರೈವರ್‌ಗಳ ಯೂನಿಯನ್ ಕಟ್ಟಿದರು, 1974ರಲ್ಲಿ ಇಡೀ ದೇಶದ ರೈಲು ನಿಲ್ಲಿಸಿದರು. ಅರ್ಜಿ ಹಾಕಿದ ಹಿರಿಯರು ಇದನ್ನು ನೋಡಿದ್ದರೆ ಎದೆ ಒಡೆದುಕೊಳ್ತಿದ್ದರೋ ಏನೋ.

---

ಅಟ್ಟದ_ಪೆಟ್ಟಿಗೆ (ಪ್ರಶ್ನೆ ಕೇಳಿದವರು)

ಅಬ್ಬಾ, ಇಷ್ಟು ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಮೇಷ್ಟ್ರು ಹೇಳಿದ್ದು ಓದಿದ ಮೇಲೆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಜ್ಜ ಬಚ್ಚಲುಮನೆಯಲ್ಲಿ ಸ್ನಾನ ಮಾಡುವಾಗ ಜೋರಾಗಿ ಏನೋ ಹಳಗನ್ನಡ ಪದ್ಯ ಹೇಳ್ತಿದ್ದರು. ನಾವು ಮಕ್ಕಳು ಅದು ಮಂತ್ರ ಅಂತ ತಿಳ್ಕೊಂಡಿದ್ದೆವು. ಅಪ್ಪ ನಕ್ಕು, "ಮಂತ್ರ ಅಲ್ಲ ಮಾರಾಯ, ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು, ತಪ್ಪಿದರೆ ಪಂಡಿತರು ಬೆಂಚಿನ ಮೇಲೆ ನಿಲ್ಲಿಸ್ತಿದ್ದರಂತೆ" ಅಂದರು. ಯಾವ ಪಂಡಿತರು ಅಂತ ಕೇಳಿದರೆ ಅಪ್ಪನಿಗೆ ಗೊತ್ತಿಲ್ಲ. ಪುಸ್ತಕದ ಒಳಪುಟದಲ್ಲಿ ಒಂದು ಸಹಿ ಕನ್ನಡದಲ್ಲಿದೆ. ಉಳಿದವೆಲ್ಲ ಇಂಗ್ಲಿಷ್. ಮೊದಲ ಅಕ್ಷರ ಗೆದ್ದಲಿನ ಹೊಟ್ಟೆಗೆ ಹೋಗಿದೆ, ಕೊನೆಯಲ್ಲಿ "ಭಟ್ಟ" ಅಂತ ಇರೋ ಹಾಗೆ ಕಾಣುತ್ತೆ, ನನ್ನ ಆಸೆಗೆ ಹಾಗೆ ಕಾಣ್ತಿದೆಯೋ ಏನೋ.

ದೊಡ್ಡಪ್ಪನಿಗೂ ಈ ಉತ್ತರಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.

ಪುಸ್ತಕ ಹಾಳಾಗದ ಹಾಗೆ ಲ್ಯಾಮಿನೇಷನ್ ಮಾಡಿಸೋಣ ಅಂತಿದ್ದೇನೆ. ಮಾಡಿಸಬಹುದಾ?

---

ಪೀಠಿಕೆ_ಪ್ರಕರಣ

ಬೇಡ ಬೇಡ ಬೇಡ! ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಬಿಸಿಗೆ ಹಳೇ ಶಾಯಿ ಹರಡಬಹುದು, ಆಮೇಲೆ ಬಿಡಿಸೋಕೂ ಆಗಲ್ಲ. ಮೊದಲು ನೆರಳಲ್ಲಿ ಇಟ್ಟು ಮೆತ್ತನೆ ಬ್ರಷ್‌ನಿಂದ ಗೆದ್ದಲು ಮಣ್ಣು ಕೊಡವಿ. ಪ್ರತಿ ಪುಟದ ಫೋಟೊ ತೆಗೆದಿಡಿ. ಆ ಸಹಿಯನ್ನು ಕಿಟಕಿಯ ಬೆಳಕಲ್ಲಿ ಸ್ವಲ್ಪ ಓರೆಯಾಗಿ ಹಿಡಿದು ಇನ್ನೊಂದು ಫೋಟೊ ತೆಗೆದು ಇಲ್ಲೇ ಹಾಕಿ, ನಾನು ನೋಡ್ತೇನೆ.